ಅಪ್ಪನ ಗಂಟಲಿಗೆ ಆಪರೇಷನ್ನಾ, ರೇಡಿಯೇಷನ್ನಾ?

ಮೇಷ್ಟ್ರ ಮಗಳು:
ಅಪ್ಪನಿಗೆ 61 ವರ್ಷ. ಮೂರು ತಿಂಗಳಿಂದ ದನಿ ಒಡೆದಿತ್ತು. ಶೀತ ಇರಬೇಕು ಅಂತ ಸುಮ್ನಿದ್ದೆವು. ಈಗ ಬಯಾಪ್ಸಿಯಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಮೂರನೇ ಸ್ಟೇಜ್ ಅಂತ ಬಂದಿದೆ. ಒಬ್ಬ ಡಾಕ್ಟರ್ ಪೆಟ್ಟಿಗೆ ಪೂರ್ತಿ ತೆಗೆಯೋಣ ಅಂದರು. ಇನ್ನೊಬ್ಬರು ಕೀಮೋ, ರೇಡಿಯೇಷನ್ ಸಾಕು ಅಂದರು. ಮೂವತ್ತು ವರ್ಷ ಪಾಠ ಹೇಳಿದವರು ಅಪ್ಪ. "ಮಾತೇ ಹೋದಮೇಲೆ ಇದ್ದೇನು ಮಾಡಲಿ" ಅನ್ನುತ್ತಾರೆ. ನನಗೆ ಅವರು ಉಳಿದರೆ ಸಾಕು. ಯಾವುದರಲ್ಲಿ ಜಾಸ್ತಿ ವರ್ಷ ಬದುಕಬಹುದು?

ಉತ್ತರ 1:
ತಂಗಿ, ನನಗೂ ಇದೇ ಸ್ಟೇಜ್ ಇತ್ತು. ಕೀಮೋ, ರೇಡಿಯೇಷನ್ ಒಟ್ಟಿಗೆ ತೆಗೆದುಕೊಂಡೆ. ನಾನು ಓದಿ ತಿಳಿದದ್ದು ಹೇಳುತ್ತೇನೆ. 1991ರಲ್ಲಿ ಅಮೆರಿಕದ 332 ರೋಗಿಗಳ ಅಧ್ಯಯನವೊಂದು ಬಂತು. ಅರ್ಧ ಜನಕ್ಕೆ ಆಪರೇಷನ್ ಮಾಡಿ ರೇಡಿಯೇಷನ್ ಕೊಟ್ಟರು. ಉಳಿದವರಿಗೆ ಮೊದಲು ಕೀಮೋ, ಆಮೇಲೆ ರೇಡಿಯೇಷನ್. ಎರಡು ವರ್ಷಕ್ಕೆ ಎರಡೂ ಕಡೆ ಶೇ. 68 ಜನ ಬದುಕಿದ್ದರು. ಕೀಮೋ ಗುಂಪಿನಲ್ಲಿ ಶೇ. 64 ಜನರ ಧ್ವನಿಪೆಟ್ಟಿಗೆ ಉಳಿದಿತ್ತು. 2003ರ ಇನ್ನೊಂದು ಅಧ್ಯಯನದಲ್ಲಿ ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಟ್ಟಾಗ ಶೇ. 88 ಜನರ ಪೆಟ್ಟಿಗೆ ಉಳಿಯಿತು. ರೇಡಿಯೇಷನ್‌ಗೆ ಗಡ್ಡೆ ಬಗ್ಗದಿದ್ದರೆ ಆಮೇಲೂ ಆಪರೇಷನ್ ಮಾಡಬಹುದು. ಆದರೆ ಆಗ ಗಾಯ ಬೇಗ ಮಾಯುವುದಿಲ್ಲ.

ಈ ಲೆಕ್ಕ ಎಲ್ಲರಿಗೂ ಹೊಂದಲ್ಲ. ಗಡ್ಡೆ ಪೆಟ್ಟಿಗೆಯ ಕಾರ್ಟಿಲೇಜ್ (ಮೆದು ಮೂಳೆ) ಒಡೆದು ಹೊರಗೆ ಬಂದಿದ್ದರೆ ಆಪರೇಷನ್ ಮಾಡಿಸಿದವರೇ ಹೆಚ್ಚು ಕಾಲ ಬದುಕುತ್ತಾರೆ. ಉಂಡದ್ದು ಈಗಾಗಲೇ ಶ್ವಾಸಕ್ಕೆ ಹೋಗುತ್ತಿದ್ದರೂ ಪೆಟ್ಟಿಗೆ ಉಳಿಸಿ ಪ್ರಯೋಜನ ಕಡಿಮೆ. ಸ್ಕ್ಯಾನ್ ಮುಂದಿಟ್ಟು ಈ ಎರಡನ್ನೂ ಕೇಳಿ.

ನನಗೆ ಏಳು ವಾರ, 35 ಸಿಟ್ಟಿಂಗ್. ನಾಲ್ಕನೇ ವಾರದಿಂದ ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಮೂಗಿನ ಟ್ಯೂಬ್ ಹಾಕಿದ್ದರು. ಆದರೂ ದಿನಾ ಒಂದೊಂದು ಗುಟುಕು ನೀರು ನುಂಗುತ್ತಿದ್ದೆ. ನುಂಗುವುದು ಬಿಟ್ಟರೆ ಗಂಟಲು ಬಿಗಿಯುತ್ತೆ, ಅದಕ್ಕೇ. ಶುರು ಮಾಡುವ ಮೊದಲು ಹಲ್ಲು ತೋರಿಸಿ. ಕೆಟ್ಟ ಹಲ್ಲನ್ನು ರೇಡಿಯೇಷನ್ ಆದಮೇಲೆ ಕೀಳಿಸಿದರೆ ದವಡೆಯ ಮೂಳೆಗೇ ಅಪಾಯ.

ಉತ್ತರ 2:
ನನ್ನ ಪೆಟ್ಟಿಗೆ ತೆಗೆದು ಆರು ವರ್ಷ ಆಯಿತು. ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತೇನೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಚಿಕ್ಕ ವಾಲ್ವ್ ಇದೆ. ತೂತಿಗೆ ಬೆರಳು ಒತ್ತಿ ಮಾತಾಡುತ್ತೇನೆ. ದನಿ ಒರಟು, ಆದರೆ ಮೊಮ್ಮಗಳಿಗೆ ಕಥೆ ಹೇಳುವುದು ಈ ದನಿಯಲ್ಲೇ. ಅಪ್ಪನಿಗೆ ಇದನ್ನೂ ಹೇಳಮ್ಮ. ಸಿಗರೇಟ್ ಇದ್ದರೆ ಇವತ್ತೇ ಬಿಡಿಸು. ಸೇದುತ್ತಿದ್ದರೆ ರೇಡಿಯೇಷನ್ ಸರಿಯಾಗಿ ಹಿಡಿಯಲ್ಲ.

ಮೇಷ್ಟ್ರ ಮಗಳು:
ಅಣ್ಣಾ, ಅಂಕಲ್, ಇಬ್ಬರಿಗೂ ಕೈ ಮುಗಿಯುತ್ತೇನೆ. ಸ್ಕ್ಯಾನ್ ತೋರಿಸಿ ಕೇಳಿದೆ. ಕಾರ್ಟಿಲೇಜ್ ಒಡೆದಿಲ್ಲ, ನುಂಗಲು ತೊಂದರೆಯಿಲ್ಲ. ಕೀಮೋ, ರೇಡಿಯೇಷನ್ ಅಂತ ತೀರ್ಮಾನ ಆಯಿತು. ಸೋಮವಾರ ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತೇವೆ. ನಿಮ್ಮ ವಾಲ್ವ್ ವಿಷಯ ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿದರು. ಆಮೇಲೆ ಜೇಬಿನಲ್ಲಿದ್ದ ಸಿಗರೇಟ್ ಪ್ಯಾಕ್ ತೆಗೆದು ನನ್ನ ಕೈಗೆ ಕೊಟ್ಟರು.