ಸಂಜೆ ಹಾಲಿಗೆ ಗುಲಾಬಿ ವಾಸನೆ: ಇದು ಯಾವ ಹುಲ್ಲು?

ಪ್ರಶ್ನೆ (ಚಿಂಚೋಳಿ ತಾಲೂಕಿನ ರೈತ):
ನಮಸ್ಕಾರ ಸರ್. ನಮ್ಮ ಹೊಲ ಗುಡ್ಡದ ಬುಡದಲ್ಲಿದೆ. ಕೆಳಗೆ ಎರೆ, ಮೇಲೆ ಕೆಂಪು ಮೊರಂ. ಎರಡು ದೇವಣಿ ಆಕಳಿವೆ. ದಸರೆ ಮುಗಿದ ಮೇಲೆ ಅವನ್ನು ಮೇಲಿನ ಬೀಳಿಗೆ ಮೇಯಲು ಬಿಡುತ್ತಿದ್ದೇವೆ. ಅಲ್ಲಿ ಆಳೆತ್ತರದ ಒಂದು ಹುಲ್ಲಿದೆ, ತುಳಿದರೆ ಸಾಕು ಘಮ್ ಅನ್ನುತ್ತದೆ. ಒಂದು ವಾರದಿಂದ ಹಾಲಿಗೂ ಅದೇ ವಾಸನೆ. "ಸೋಪಿನ ನೀರು ಕುಡಿದಂಗ ಆಗ್ತದ" ಅಂತ ಅವ್ವ ಹೆಪ್ಪು ಹಾಕುವುದನ್ನೇ ಬಿಟ್ಟಿದ್ದಾಳೆ. ಫೋಟೋ ಹಾಕಿದ್ದೇನೆ. ಯಾವ ಹುಲ್ಲು ಇದು? ಆಕಳಿಗೆ ಏನಾದರೂ ತೊಂದರೆ ಇದೆಯಾ?

ಬೀದರ್‌ನ ಸದಸ್ಯೆ:
ಮಜ್ಜಿಗೆ ಹುಲ್ಲು ಅಲ್ವಾ ಅಣ್ಣಾ? ನಾವು ಕುಂಡದಲ್ಲಿ ಹಚ್ಚಿದ್ದೇವೆ, ಚಹಾಕ್ಕೆ ಹಾಕುತ್ತೇವೆ.

ಯಾದಗಿರಿಯ ಸದಸ್ಯ:
ಲಾವಂಚ ಇರಬೇಕು.

ಉತ್ತರ (ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಕಲಬುರಗಿ):
ಲಾವಂಚ ಅಲ್ಲ. ಲಾವಂಚದ ಘಮವೆಲ್ಲ ಬೇರಲ್ಲಿ. ಗರಿ ಎಷ್ಟು ಉಜ್ಜಿದರೂ ಬರೀ ಹುಲ್ಲಿನ ವಾಸನೆ. ಅದೂ ಹಳ್ಳದ ದಂಡೆ, ಜೌಗು ಇರುವ ಕಡೆ ಜಾಸ್ತಿ, ಒಣ ಮೊರಂ ಮೇಲಲ್ಲ.

ಉಳಿದದ್ದನ್ನು ಈ ಫೋಟೋ ನೋಡಿ ಹೇಳಲಾರೆ. ಬೇಜಾರಾಗಬೇಡಿ, ಇದರಲ್ಲಿ ಹಸಿರು ಬಿಟ್ಟರೆ ಏನೂ ಕಾಣುತ್ತಿಲ್ಲ! ಹುಲ್ಲನ್ನು ದೂರದಿಂದ ಗುರುತಿಸುವುದು ಕಷ್ಟ. ಒಂದು ದಂಟು ಕಿತ್ತು, ಗರಿ ದಂಟಿಗೆ ಕೂಡುವ ಜಾಗವನ್ನು ಹತ್ತಿರದಿಂದ ತೆಗೆಯಿರಿ. ತೆನೆ ಬಂದಿದ್ದರೆ ಅದನ್ನೂ. ಗರಿ ಹಿಸುಕಿ ಮೂಸಿ ನೋಡಿ: ನಿಂಬೆಯೋ, ಗುಲಾಬಿಯೋ, ಶುಂಠಿಯೋ? ಇನ್ನೊಂದು ಮಾತು. ವಾಸನೆ ಎರಡೂ ಹೊತ್ತಿನ ಹಾಲಿಗೆ ಇದೆಯಾ?

ರೈತ:
ನೀವು ಕೇಳಿದ ಮೇಲೆ ಲಕ್ಷ್ಯಕ್ಕೆ ಬಂತು ಸರ್. ಸಂಜೆ ಹಾಲಿಗೆ ಮಾತ್ರ. ಮುಂಜಾನೆ ಹಾಲು ಎಂದಿನ ಹಾಗೆ ಇದೆ. ಹಿಸುಕಿದರೆ ಗುಲಾಬಿ ಸೋಪು ಇದ್ದ ಹಾಗೆ, ನಿಂಬೆ ಅಲ್ಲವೇ ಅಲ್ಲ. ಹೊಸ ಫೋಟೋ ಮೂರು ಹಾಕಿದ್ದೇನೆ. ಗರಿ ಅಗಲ ಇದೆ. ಅದರ ಬುಡ ದಂಟನ್ನು ಎರಡೂ ಕಡೆಯಿಂದ ಅಪ್ಪಿಕೊಂಡಂತಿದೆ. ತೆನೆ ಕೆಂಪಿಗೆ ತಿರುಗಿದೆ.

ಉತ್ತರ:
ಇಷ್ಟು ಸಾಕು. ಇದು ರೋಶಾ ಹುಲ್ಲು. ಶಾಸ್ತ್ರೀಯ ಹೆಸರು ಸಿಂಬೊಪೋಗಾನ್ ಮಾರ್ಟಿನಿ. ಇದರ ಎಣ್ಣೆಯನ್ನೇ ಪೇಟೆಯಲ್ಲಿ ಪಾಮರೋಸಾ ಅನ್ನುತ್ತಾರೆ.

ನನಗೆ ಗುರುತು ಹತ್ತಿದ್ದು ಗರಿಯ ಬುಡದಿಂದ. ಎರಡನೇ ಫೋಟೋ ನೋಡಿ. ಗರಿ ದಂಟಿಗೆ ಕೂಡುವಲ್ಲಿ ವೀಳ್ಯದೆಲೆಯ ಬುಡದ ಹಾಗೆ ಎರಡು ಕಿವಿ ಮಾಡಿಕೊಂಡು ದಂಟನ್ನು ಹಿಡಿದಿದೆ. ಮಜ್ಜಿಗೆ ಹುಲ್ಲಿನಲ್ಲಿ ಹೀಗಿಲ್ಲ, ಅದರ ಗರಿ ಬುಡಕ್ಕೆ ಬರುತ್ತಾ ಸಪೂರ ಆಗುತ್ತದೆ. ತಂಗಿ ಕುಂಡದಲ್ಲಿ ಹಚ್ಚಿದ್ದೂ ಇದೂ ಒಂದೇ ಕುಲದವು, ದಾಯಾದಿಗಳು ಅನ್ನಿ. ಆದರೆ ಅದರಲ್ಲಿರುವುದು ನಿಂಬೆ ವಾಸನೆಯ ಸಿಟ್ರಾಲ್. ಇದರಲ್ಲಿ ಜೆರಾನಿಯೋಲ್, ಗುಲಾಬಿಯಲ್ಲೂ ಇರುವಂಥದ್ದು. ಚಹಾದ ಮಜ್ಜಿಗೆ ಹುಲ್ಲು ತೆನೆ ಬಿಡುವುದೂ ಅಪರೂಪ. ರೋಶಾ ಮಳೆಗಾಲ ಮುಗಿಯುತ್ತಿದ್ದಂತೆ ತೆನೆ ಬಿಡುತ್ತದೆ. ಆ ತೆನೆಯಲ್ಲಿ ಕಡ್ಡಿಗಳು ಜೋಡಿ ಜೋಡಿಯಾಗಿ, ದೋಣಿಯಂಥ ಸಣ್ಣ ಎಲೆಯ ಮಡಿಲಿಂದ ಹೊರಡುತ್ತವೆ. ಮಾಗಿದಾಗ ಆ ದೋಣಿಗಳೇ ಕೆಂಪಾಗುವುದು.

ಇದರಲ್ಲೂ ಎರಡು ಬಗೆ, ಮೋತಿಯಾ ಮತ್ತು ಸೋಫಿಯಾ. ನೋಡಲು ಹೆಚ್ಚುಕಡಿಮೆ ಒಂದೇ, ಮೂಗೇ ಹೇಳಬೇಕು. ಮೋತಿಯಾ ಒಣ ಇಳಿಜಾರಲ್ಲಿ ಅಲ್ಲೊಂದು ಇಲ್ಲೊಂದು ಬೆಳೆಯುತ್ತದೆ, ಗುಲಾಬಿ ವಾಸನೆ. ಸೋಫಿಯಾ ತಗ್ಗಿನ ತೇವದಲ್ಲಿ ಒತ್ತಾಗಿ ಬೆಳೆಯುತ್ತದೆ, ವಾಸನೆ ಶುಂಠಿಯಂತೆ ಒರಟು. ನಿಮ್ಮದು ಮೋತಿಯಾ ಅನ್ನಿಸುತ್ತದೆ. ಮೊದಲೆಲ್ಲ ಈ ಎಣ್ಣೆ ಮುಂಬೈ ಬಂದರಿನಿಂದ ತುರ್ಕಿಗೆ ಹೋಗಿ, ಅಲ್ಲಿ ಗುಲಾಬಿ ಅತ್ತರಿಗೆ ಬೆರಕೆಯಾಗುತ್ತಿತ್ತು. ನಮ್ಮಲ್ಲಿ ದರ್ಗಾದ ಹತ್ತಿರ ಅತ್ತರಿನ ಅಂಗಡಿ ಮುಂದೆ ನಿಂತವರಿಗೆ ಈ ಘಮ ಹೊಸದೇನಲ್ಲ.

ಈಗ ಹಾಲಿನ ವಿಷಯ. ಅದಕ್ಕೂ ಹುಲ್ಲಿನ ಹೆಸರಿಗೂ ನಂಟಿದೆ. ಮಾರ್ಟಿನಿ ಅನ್ನುವ ಹೆಸರಿನಲ್ಲಿರುವವನು ಕಂಪನಿ ಸರ್ಕಾರದ ಸೈನ್ಯದಲ್ಲಿದ್ದ ಫ್ರೆಂಚ್‌ ಮನುಷ್ಯ ಕ್ಲಾಡ್ ಮಾರ್ಟಿನ್. ಟಿಪ್ಪು ಸುಲ್ತಾನನ ಮೇಲಿನ 1791-92ರ ಯುದ್ಧಕ್ಕೆ ಬಂದಾಗ ಘಟ್ಟದ ಮೇಲಿನ ಸೀಮೆಯಿಂದ ಬೀಜ ತೆಗೆದುಕೊಂಡು ಹೋಗಿ ಲಕ್ನೋದಲ್ಲಿ ಬಿತ್ತಿದ. ಇದನ್ನು ದಾಖಲಿಸಿದವನು ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್. ದನಗಳು ಈ ಹುಲ್ಲಿಗೆ ಮುಗಿಬೀಳುತ್ತವೆ, ಹಾಲು ಬೆಣ್ಣೆಗೂ ವಾಸನೆ ಹತ್ತುತ್ತದೆ ಅಂತ ಅವನೂ ಬರೆದಿದ್ದಾನೆ. ನಿಮ್ಮ ಅವ್ವನ ದೂರು ಇನ್ನೂರು ವರ್ಷ ಹಳೆಯದು!

ಆಕಳಿಗೆ ರೋಗ ಬಂದಿಲ್ಲ, ಹೆದರಬೇಡಿ. ಮೇವಿನ ವಾಸನೆ ಹೊಟ್ಟೆಯಿಂದ, ಉಸಿರಿನಿಂದ ರಕ್ತಕ್ಕೆ ಸೇರಿ ಕೆಚ್ಚಲಿಗೆ ಬರುತ್ತದೆ. ಕೆಲವು ತಾಸು ಕಳೆದರೆ ತಾನೇ ಇಳಿಯುತ್ತದೆ. ರಾತ್ರಿ ಕಣಿಕೆ ತಿಂದು ಮಲಗಿದ ಆಕಳ ಮುಂಜಾನೆ ಹಾಲು ಚೊಕ್ಕ ಇರುವುದು ಅದಕ್ಕೇ. ಮುಂಜಾನೆ ಹಿಂಡಿದ ಕೂಡಲೇ ಗುಡ್ಡಕ್ಕೆ ಬಿಡಿ, ಮಧ್ಯಾಹ್ನ ಕೆಳಗೆ ಹೊಡೆದುಕೊಂಡು ಬನ್ನಿ. ಸಂಜೆ ಹಿಂಡುವ ಮೊದಲು ನಾಲ್ಕೈದು ತಾಸು ಬರೀ ಕಣಿಕೆ, ಹೊಟ್ಟು ಕೊಡಿ. ಹಾಗೆ ಮಾಡಿಯೂ ವಾಸನೆ ಹೋಗದಿದ್ದರೆ, ಇಲ್ಲವೇ ಕೆಚ್ಚಲು ಬಿಸಿಯಾಗಿದ್ದರೆ, ಹಾಲು ಒಡೆಯುತ್ತಿದ್ದರೆ ಅದು ಹುಲ್ಲಿನ ಕೆಲಸವಲ್ಲ. ದನದ ಡಾಕ್ಟರನ್ನು ಕರೆಸಿ.

ಬೀದರ್‌ನ ಸದಸ್ಯೆ:
ಹಾಗಾದರೆ ರೋಶಾ ಚಹಾಕ್ಕೆ ಹಾಕಬಹುದಾ ಸರ್? ಮತ್ತೆ ಎಣ್ಣೆ ತೆಗೆದು ಮಾರಿದರೆ ಹೇಗೆ?

ಉತ್ತರ:
ಚಹಾಕ್ಕೆ ಬೇಡಮ್ಮ. ಅವರ ಅವ್ವ ಹೇಳಿದ್ದು ಕೇಳಿದಿರಲ್ಲ, ಸೋಪಿನ ನೀರು! ಗುಡ್ಡದಿಂದ ಕಿತ್ತ ಯಾವ ಹುಲ್ಲನ್ನೂ ವಾಸನೆ ಚೆನ್ನಾಗಿದೆ ಅಂತ ಸುಮ್ನೆ ಕುದಿಸಬೇಡಿ.

ಎಣ್ಣೆಗೆ ಭಟ್ಟಿ ಬೇಕು. ಒಂದು ಟನ್ ಹಸಿ ಹುಲ್ಲು ಬೇಯಿಸಿದರೆ ಸಿಗುವುದು ಕೆಲವೇ ಕಿಲೋ. ಅದಕ್ಕೆ ಕಾಡು ಹುಲ್ಲು ಕೊಯ್ಯುವುದು ಲೆಕ್ಕಕ್ಕೆ ಬರುವುದಿಲ್ಲ, ಬಿತ್ತಿ ಬೆಳೆಯಬೇಕು. ಔಷಧಿ, ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಕ್ನೋದ ಸಿಮ್ಯಾಪ್ ಸಂಸ್ಥೆ ತೃಷ್ಣಾ, ಪಿಆರ್‌ಸಿ-1 ಅಂತ ತಳಿ ಮಾಡಿದೆ. ಮಾರ್ಟಿನ್ ಬೀಜ ಒಯ್ದದ್ದೂ ಲಕ್ನೋಕ್ಕೇ ನೋಡಿ. ಆದರೆ ಹತ್ತಿರದಲ್ಲಿ ಭಟ್ಟಿ, ಕೊಳ್ಳುವವರು ಇದ್ದಾರಾ ಅಂತ ಮೊದಲು ವಿಚಾರಿಸಿ, ಆಮೇಲೆ ಬೀಜ. ಚಿಂಚೋಳಿಯವರಿಗೂ ಒಂದು ಮಾತು: ನಿಮ್ಮ ಗುಡ್ಡದ ಮೇಲ್ಭಾಗ ವನ್ಯಜೀವಿಧಾಮದ ಗಡಿಯೊಳಗೆ ಬಂದರೆ ಅಲ್ಲಿಂದ ಏನನ್ನೂ ಕಿತ್ತು ತರಬೇಡಿ, ಕಾನೂನಿನ ತೊಂದರೆಯಾಗುತ್ತದೆ.

ಯಾದಗಿರಿಯ ಸದಸ್ಯ:
ಸರ್, ನಮ್ಮ ಭತ್ತದ ಗದ್ದೆಯಲ್ಲೂ ಒಂದು ಘಮದ ಹುಲ್ಲಿದೆ. ಕಿತ್ತರೆ ಕೆಳಗೆ ಕರಿ ಗಡ್ಡೆ ಬರುತ್ತದೆ.

ಉತ್ತರ:
ದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ಕೈಗೆ ಹತ್ತಿದರೆ ಅದು ಹುಲ್ಲೇ ಅಲ್ಲ, ಜೇಕು. ಗಡ್ಡೆ ಸಮೇತ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಚಿಗುರುತ್ತದೆ.

ರೈತ (ನಾಲ್ಕು ದಿನದ ನಂತರ):
ಸರ್, ಹನ್ನೆರಡಕ್ಕೇ ಆಕಳನ್ನು ಕೆಳಗೆ ತರುತ್ತಿದ್ದೇನೆ. ನಿನ್ನೆ ಸಂಜೆ ಹಾಲಿಗೆ ಅವ್ವ ಹೆಪ್ಪು ಹಾಕಿದಳು. ಮೊಸರು ಚೆನ್ನಾಗಿದೆ. ಕಾಸಿದಾಗ ಸ್ವಲ್ಪ ಘಮ ಬಂತು ಅಂತ ಇನ್ನೂ ಗೊಣಗುತ್ತಿದ್ದಾಳೆ.

ಉತ್ತರ:
ಹಾಗಾದರೆ ಹನ್ನೊಂದಕ್ಕೇ ತನ್ನಿ.