ಸಂಘದ ಸ್ಮರಣ ಸಂಚಿಕೆ: ಅಧ್ಯಕ್ಷರು ಒಂದು ಹೇಳ್ತಾರೆ, ಕಾರ್ಯದರ್ಶಿ ಇನ್ನೊಂದು. ಡಿಸೈನರ್ ಯಾರ ಮಾತು ಕೇಳಬೇಕು?

ಪುಟವಿನ್ಯಾಸಿ

ರಾಜ್ಯೋತ್ಸವಕ್ಕೆ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆ, ಜೊತೆಗೆ ಆಹ್ವಾನ ಪತ್ರಿಕೆ. ಎ4 ಅಳತೆ, 32 ಪುಟ, 1000 ಪ್ರತಿ, ಆಫ್‌ಸೆಟ್. ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದನ್ನು ಕಾರ್ಯದರ್ಶಿ ವಾಟ್ಸಾಪ್‌ನಲ್ಲಿ ಬೇಡ ಅಂತಾರೆ. ಖಜಾಂಚಿಗೆ ಜಾಹೀರಾತಿನದೇ ಚಿಂತೆ. ಲೇಖನಗಳು ಅರ್ಧ ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲಿ, ಅರ್ಧ ಯೂನಿಕೋಡ್‌ನಲ್ಲಿ. ಸಾಫ್ಟ್‌ವೇರ್ ಗೊತ್ತಿದೆ, ಜನರನ್ನು ನಿಭಾಯಿಸೋದು ಹೇಗೆ? ಎಷ್ಟು ಸಲ ತಿದ್ದಿಕೊಡ್ತೀನಿ ಅಂತ ಒಪ್ಪಿಕೊಳ್ಳಬೇಕು?

ಅಚ್ಚುಮೊಳೆ

ಮೊದಲು ಒಬ್ಬರನ್ನು ಗೊತ್ತುಮಾಡಿಸಿ. ಸಾಮಾನ್ಯವಾಗಿ ಅದು ಸಂಪಾದಕರು ಅಥವಾ ಕಾರ್ಯದರ್ಶಿ. ಅಧ್ಯಕ್ಷರು ಹೇಳಿದ್ದೂ ಅವರ ಮೂಲಕವೇ, ಬರಹದಲ್ಲೇ ಬರಬೇಕು. ಯಾರಾದರೂ ನೇರ ಫೋನ್ ಮಾಡಿದರೆ ಇಲ್ಲ ಅನ್ನಬೇಡಿ. ಕೇಳಿಸಿಕೊಂಡು, "ಅಧ್ಯಕ್ಷರು ಹೀಗೆ ಹೇಳಿದ್ದಾರೆ, ಮಾಡಲೇ?" ಅಂತ ಆ ಒಬ್ಬರಿಗೆ ಮೆಸೇಜ್ ಹಾಕಿ. ಜಗಳ ಅವರೊಳಗೇ ತೀರುತ್ತೆ.

ಎರಡನೆಯದು ಹೆಸರುಪಟ್ಟಿ. ಆಹ್ವಾನ ಪತ್ರಿಕೆಯಲ್ಲಿ ಮನಸ್ತಾಪ ಬರೋದು ಬಣ್ಣಕ್ಕಲ್ಲ, ಹೆಸರಿಗೆ. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ: ಪ್ರತಿ ಸಾಲಿಗೂ ಹೆಸರು, ಶ್ರೀ/ಶ್ರೀಮತಿ/ಡಾ., ಇನಿಷಿಯಲ್, ಹುದ್ದೆ, ಕ್ರಮಸಂಖ್ಯೆ ಬರೆದ ಒಂದು ಹಾಳೆ ಮಾಡಿ, ಡಿಸೈನ್ ಶುರುಮಾಡುವ ಮೊದಲೇ ಸಹಿ ಹಾಕಿಸಿ. ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನೋದನ್ನು ನೀವು ಯಾವತ್ತೂ ತೀರ್ಮಾನಿಸಬೇಡಿ. ಸಾಲಿನಲ್ಲಿ ಜಾಗ ಸಾಲಲಿಲ್ಲ ಅಂತ ಹುದ್ದೆ ಮೊಟಕುಗೊಳಿಸುವುದೂ ತೀರ್ಮಾನವೇ. ಸಮಾನರ ಫೋಟೋಗಳಲ್ಲಿ ತಲೆಯ ಗಾತ್ರ ಒಂದೇ ಇರಲಿ. ಚೌಕಟ್ಟು ಸಮವಿದ್ದು ಮುಖ ಚಿಕ್ಕದಾದರೂ ಗಮನಿಸುತ್ತಾರೆ.

ತಿದ್ದುಪಡಿ ಎರಡು ಸುತ್ತು. ಮೂರನೆಯದಕ್ಕೆ ಪುಟಕ್ಕೆ ಇಷ್ಟು ಅಂತ ಮೊದಲೇ ಬರೆದುಕೊಡಿ. ಅರ್ಧ ಹಣ ಮುಂಗಡ, ಉಳಿದದ್ದು ಪ್ರೆಸ್‌ಗೆ ಫೈಲ್ ಕೊಡುವ ಮುಂಚೆ.

ಒತ್ತಕ್ಷರ

ಮೂರನೇ ಸುತ್ತಿಗೆ ದುಡ್ಡು ಕಂಪನಿ ಕೆಲಸದಲ್ಲಿ ನಡೆಯುತ್ತೆ, ಸಂಘದಲ್ಲಿ ನಡೆಯಲ್ಲ. ಅಲ್ಲಿ ಯಾರ ಜೇಬಿನಿಂದಲೂ ಹೋಗುವ ಹಣ ಅಲ್ಲ ಅದು. ದಿನಾಂಕ ಕೆಲಸ ಮಾಡುತ್ತೆ. ಪ್ರೆಸ್‌ನವರಿಂದ ಮಷಿನ್ ದಿನ ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ: ಇಂಥ ದಿನದ ನಂತರ ಲೇಖನ ಇಲ್ಲ, ಇಂಥ ದಿನದ ನಂತರ ಅಕ್ಷರ ತಪ್ಪು ಬಿಟ್ಟು ಬೇರೇನೂ ಇಲ್ಲ.

ಪಠ್ಯದ ವಿಷಯ. ನುಡಿ ಆಸ್ಕಿ ಫೈಲುಗಳನ್ನು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ, ಆಮೇಲೆ ಅರ್ಕಾವತ್ತು (ರ್ ಬದಲು ಬರೆಯುವ 'ರ್ಕ'ದಂಥ ಗುರುತು), ಉದ್ಧರಣ ಚಿಹ್ನೆ, ಅಂಕಿ ಈ ಮೂರನ್ನು ಪ್ರತ್ಯೇಕವಾಗಿ ನೋಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆ ಆಗಿರದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತೆ. ಇಲ್ಲಸ್ಟ್ರೇಟರ್‌ನಲ್ಲಾದರೆ ಟೈಪ್ ಪ್ರಿಫರೆನ್ಸ್‌ನಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಬೇಕು. ಕನ್ನಡಕ್ಕೆ 10 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 14-15 ಇಡಿ, 12 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಕರಡನ್ನು ಗ್ರೂಪಿಗೆ ಹಾಕಬೇಡಿ. ಎಲ್ಲರೂ ಮುಖಪುಟ ನೋಡಿ ಹೆಬ್ಬೆಟ್ಟು ಒತ್ತುತ್ತಾರೆ, ಒಳಪುಟ ಯಾರೂ ಓದಲ್ಲ. ಪ್ರಿಂಟ್ ತೆಗೆದು ಒಬ್ಬೊಬ್ಬರಿಗೆ ಎಂಟೆಂಟು ಪುಟ ಹಂಚಿ, ಪ್ರತಿ ಪುಟಕ್ಕೂ ಸಹಿ ಕೇಳಿ. ಸಹಿ ಹಾಕಬೇಕು ಅಂದಾಗಲೇ ಕನ್ನಡಕ ಹೊರಗೆ ಬರೋದು. ದಿನಾಂಕಕ್ಕೆ ವಾರ ಹೊಂದುತ್ತದೆಯೇ ಅಂತ ಕ್ಯಾಲೆಂಡರ್ ನೋಡಿ, ಫೋನ್ ನಂಬರಿಗೆ ಕರೆ ಮಾಡಿಯೇ ಪರೀಕ್ಷಿಸಿ.

ಪುಟವಿನ್ಯಾಸಿ

"ಲೋಗೋ ದೊಡ್ಡದು ಮಾಡಿ", "ಸ್ವಲ್ಪ ಕಲರ್‌ಫುಲ್ ಬೇಕು" ಅಂದಾಗ? ಮತ್ತೆ ಎಲ್ಲರೂ ವಾಟ್ಸಾಪ್ ಫೋಟೋನೇ ಕಳಿಸ್ತಾರೆ.

ಅಚ್ಚುಮೊಳೆ

ಅವರು ಹೇಳೋದು ಪರಿಹಾರ, ನಿಮಗೆ ಗೊತ್ತಾಗಬೇಕಾದ್ದು ತೊಂದರೆ ಏನು ಅಂತ. "ಮೊದಲು ಕಣ್ಣಿಗೆ ಏನು ಬೀಳ್ತು?" ಅಂತ ಕೇಳಿ. ಸಂಘದ ಹೆಸರು ಬೀಳಲಿಲ್ಲ ಅಂದರೆ ಲೋಗೋ ಹಿಗ್ಗಿಸುವ ಬದಲು ಅದರ ಸುತ್ತ ಇರುವ ಬಾರ್ಡರ್, ಹೂಬಳ್ಳಿ ತೆಗೆದು ಖಾಲಿ ಜಾಗ ಕೊಡಿ. ಫೋನಿನಲ್ಲಿ ನೋಡಿದವರಿಗೆ ಎ4 ಪುಟದಲ್ಲಿರೋದೆಲ್ಲ ಚಿಕ್ಕದೇ, ಹಾಗಾಗಿ ನಿಜ ಅಳತೆಯ ಪ್ರಿಂಟ್ ಕೈಗೆ ಕೊಟ್ಟ ಮೇಲೇ ಚರ್ಚೆ. ಮುಖಪುಟಕ್ಕೆ ಎರಡು ಮಾದರಿ ಸಾಕು. ಐದು ತೋರಿಸಿದರೆ ಒಂದರ ತಲೆ, ಇನ್ನೊಂದರ ಬಾಲ ಜೋಡಿಸಿ ಅಂತಾರೆ.

ಫೋಟೋಗೆ ಎಲ್ಲರನ್ನೂ ಪೀಡಿಸಬೇಕಿಲ್ಲ. 1 ಅಂಗುಲದ ಪದಾಧಿಕಾರಿ ಚಿತ್ರಕ್ಕೆ 300 ಪಿಕ್ಸೆಲ್ ಅಗಲ ಸಾಕು, ವಾಟ್ಸಾಪ್‌ನದು ಧಾರಾಳ. ಮುಖಪುಟ ಮತ್ತು ಪೂರ್ತಿ ಪುಟದ ಚಿತ್ರಗಳನ್ನು ಮಾತ್ರ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.

ಮಷಿನ್ ಕಡೆಯವ

ಪ್ರೆಸ್‌ನವರನ್ನು ಕೊನೆಗೆ ಭೇಟಿ ಮಾಡೋದೇ ದೊಡ್ಡ ತಪ್ಪು. ಪುಟ ಸಂಖ್ಯೆ ನಿರ್ಧರಿಸುವ ಮೊದಲೇ ಬನ್ನಿ. ಎ4 ಪುಟ ಎಂಟು ಜೋಡಿಸಿದರೆ 33.1 × 23.4 ಅಂಗುಲ. 23×36 ಹಾಳೆಯಲ್ಲಿ ಕೂರಲ್ಲ, 25×36 ಬೇಕು. ಎರಡೂ ಕಡೆ ಸೇರಿ ಹಾಳೆಗೆ 16 ಪುಟ, ನಿಮ್ಮ 32 ಪುಟಕ್ಕೆ ಸರಿಯಾಗಿ ಎರಡು ಹಾಳೆ. ಸೆಂಟರ್ ಪಿನ್ (ಮಡಚಿ ನಡುವೆ ಪಿನ್ ಹೊಡೆದ) ಪುಸ್ತಕದಲ್ಲಿ ಪುಟ ಹೆಚ್ಚೋದು ನಾಲ್ಕು ನಾಲ್ಕಾಗಿ, ಅದಕ್ಕೇ ಖಜಾಂಚಿ ಕೊನೇ ದಿನ ಒಂದು ಜಾಹೀರಾತು ತಂದರೆ ಲೆಕ್ಕ ಕೆಡೋದು. ತೆಗೆದರೂ ನಷ್ಟವಿಲ್ಲದ ಎರಡು ಪುಟ (ಹಳೆಯ ಕಾರ್ಯಕ್ರಮದ ಫೋಟೋ ಥರದ್ದು) ಮೊದಲೇ ಇಟ್ಟುಕೊಂಡು, "ಎರಡೇ ಜಾಗ ಉಳಿದಿದೆ" ಅಂತ ಅವರಿಗೆ ಹೇಳಿಬಿಡಿ.

ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಚಾಚಿದ ಬಣ್ಣ, ಚಿತ್ರ) ಬಿಡಿ. ಫೈಲ್ ಕೊಡುವಾಗ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಬೇಡದ ಗೆರೆಚಿತ್ರ ಮಾಡಿ (ಕೋರೆಲ್‌ನಲ್ಲಿ ಕಂಟ್ರೋಲ್+ಕ್ಯೂ), ತಿದ್ದಲು ಬರುವ ಪ್ರತಿ ಬೇರೆ ಇಟ್ಟುಕೊಳ್ಳಿ. ಲೇಖನದ ಅಕ್ಷರ, ಹೆಸರುಗಳು ಎಲ್ಲ ಬರೀ 100% ಕಪ್ಪಿನಲ್ಲಿರಲಿ. ನಾಲ್ಕು ಬಣ್ಣ ಸೇರಿದ ಕಪ್ಪಾದರೆ ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಕೂರೋದು) ಕೂದಲೆಳೆ ತಪ್ಪಿದರೂ ಒತ್ತಕ್ಷರ ಮಸುಕಾಗುತ್ತೆ. ಇನ್ನೊಂದು ಲಾಭವಿದೆ: ಪ್ಲೇಟ್ (ಬಣ್ಣಕ್ಕೊಂದರಂತೆ ಮಾಡುವ ಅಚ್ಚಿನ ತಗಡು) ಆದಮೇಲೆ "ಉಪಾಧ್ಯಕ್ಷರ ಇನಿಷಿಯಲ್ ತಪ್ಪಿದೆ" ಅಂತ ಫೋನ್ ಬಂದರೆ, ಆ ಎಂಟು ಪುಟದ ಕಪ್ಪು ಪ್ಲೇಟ್ ಒಂದನ್ನೇ ಮತ್ತೆ ಮಾಡಿದರಾಯ್ತು. ಅದೇ ಹೆಸರು ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿದ್ದರೆ ಆ ಬಣ್ಣಕ್ಕೆ ಸೇರಿದ ಪ್ಲೇಟೆಲ್ಲ ಹೋಯ್ತು.