ಪದಚರ್ಚೆ: ನೈಲ್ ತಂದು ಹಾಕುತ್ತಿದ್ದ ಮಣ್ಣಿಗೆ ಏನನ್ನೋಣ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಪ್ರಾಚೀನ ಈಜಿಪ್ಟಿನ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. "ನೈಲ್ ನದಿ ಪ್ರತಿವರ್ಷ ಉಕ್ಕಿ ಹೊಲಗಳಲ್ಲಿ ಹೂಳು ತುಂಬುತ್ತಿತ್ತು, ಅದರಿಂದ ಬೇಸಾಯ ಬೆಳೆಯಿತು" ಅಂತ ಬರೆದಿದ್ದೆ. ಓದಿದ ಹುಡುಗಿಯೊಬ್ಬಳು "ಹೂಳು ತುಂಬಿದರೆ ಹೊಲ ಹಾಳಾಗಲ್ವಾ ಸರ್?" ಅಂದಳು. ಸಿಲ್ಟ್‌ಗೆ ಇಲ್ಲಿ ಯಾವ ಪದ ಹಾಕಲಿ?

ಮರು:
ಮೆಕ್ಕಲು ಮಣ್ಣು. ಭೂಗೋಳದ ಪಾಠದಲ್ಲೇ ಇದೆಯಲ್ಲ. ಮುಗೀತು.

ಮರು:
> ಮುಗೀತು

ಮುಗಿಯಲಿಲ್ಲ. ಮೆಕ್ಕಲು ಅನ್ನೋದು ನೆಲದಲ್ಲಿ ಕೂತ ಮಣ್ಣು. ನೀರಲ್ಲಿ ತೇಲಿ ಬರುವಾಗ ಅದು ಇನ್ನೂ ಮೆಕ್ಕಲಲ್ಲ. "ವಂಡು" ಅನ್ನಿ. ತಮಿಳಿನ ವಂಡಲ್ ಇದರದೇ ಒಡಹುಟ್ಟು. ಇನ್ನು "ಪ್ರಾಚೀನ", "ಫಲಕ" ಎಲ್ಲ ಯಾಕೆ? ಹಳೆಯ, ಹಲಗೆ ಅಂದರೆ ಮಕ್ಕಳಿಗೆ ತಿಳಿಯಲ್ವಾ?

ಮರು:
ಹಲಗೆ ಬಂದದ್ದೇ ಫಲಕದಿಂದ ಸ್ವಾಮಿ. ತದ್ಭವ.

ಮರು:
ಹಲಗೆ ಬಿಡಿ, ಹುಡುಗಿ ಕೇಳಿದ್ದು ಸರಿಯಾಗಿದೆ. ಹೂಳು ಅನ್ನೋದು ಹೂಳುವುದರಿಂದ ಬಂದದ್ದು. ಕೆರೆಯಲ್ಲೋ ಜಲಾಶಯದಲ್ಲೋ ಕೂತು ನೀರಿನ ಜಾಗ ತಿನ್ನುವ ಮಣ್ಣು ಅದು. ತುಂಗಭದ್ರಾ ಜಲಾಶಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದದ್ದು ಇದರಿಂದಲೇ. ಅದೇ ಮಣ್ಣನ್ನು ಬೇಸಿಗೆಯಲ್ಲಿ ಕೆರೆಯಿಂದ ತೆಗೆದು ಹೊಲಕ್ಕೆ ಹೊಡೆದರೆ ನಾವು ಗೋಡು ಅಂತೀವಿ. ಆಗ ಅದು ಗೊಬ್ಬರ.

ನೈಲ್‌ದು ಈ ಗೋಡಿನ ಕಥೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಸುರಿದರೆ ನೀಲಿ ನೈಲ್ ಮತ್ತು ಅಟ್ಬರಾ ಕೆಂಪಾಗಿ ಬರುತ್ತಿದ್ದವು. ಆಗಸ್ಟ್, ಸೆಪ್ಟೆಂಬರಿನಲ್ಲಿ ನೆರೆ. ಈಜಿಪ್ಟಿನವರು ಹೊಲದ ಸುತ್ತ ಏರಿ ಹಾಕಿ ದೊಡ್ಡ ದೊಡ್ಡ ಪಾತಿ ಮಾಡಿ ನೀರನ್ನು ಒಂದೂವರೆ ತಿಂಗಳು ನಿಲ್ಲಿಸುತ್ತಿದ್ದರು. ಮಣ್ಣು ತಳಕ್ಕೆ ಕೂರುತ್ತಿತ್ತು. ನೀರು ಬಿಟ್ಟು, ಹಸಿ ಕೆಸರಿಗೇ ಗೋಧಿ, ಬಾರ್ಲಿ ಎರಚುತ್ತಿದ್ದರು. ನಾಡಿಗೇ ಕೆಮೆಟ್, ಅಂದರೆ ಕಪ್ಪು ನೆಲ, ಅಂತ ಹೆಸರಿಟ್ಟವರು. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿಯಿತು. ಈಗ ಆ ಮಣ್ಣು ಅಣೆಕಟ್ಟಿನ ಹಿಂದೆ ನಿಂತ ನಾಸರ್ ಸರೋವರದ ತಳದಲ್ಲಿದೆ. ಅಲ್ಲಿ ಅದನ್ನು ಧಾರಾಳವಾಗಿ ಹೂಳು ಅನ್ನಿ.

ಮರು:
ಸುಮೇರಿಯಾದ (ಈಗಿನ ದಕ್ಷಿಣ ಇರಾಕ್) ಫಲಕ ಮಾಡುವುದಿದ್ದರೆ ಹೂಳನ್ನು ಉಳಿಸಿಕೊಳ್ಳಿ. ಟೈಗ್ರಿಸ್, ಯೂಫ್ರೆಟಿಸ್ ಉಕ್ಕುತ್ತಿದ್ದದ್ದು ಏಪ್ರಿಲ್, ಮೇಯಲ್ಲಿ. ಪೈರು ಕೊಯ್ಲಿಗೆ ನಿಂತ ಹೊತ್ತು! ಏರಿ ಕಟ್ಟಿ ನೀರು ತಡೆಯಬೇಕು, ಬಿತ್ತನೆ ಕಾಲಕ್ಕೆ ನಾಲೆಯಲ್ಲಿ ನೀರು ತರಬೇಕು, ಆ ನಾಲೆಯ ಹೂಳನ್ನು ವರ್ಷವರ್ಷ ಎತ್ತಬೇಕು. ಇಷ್ಟಕ್ಕೆಲ್ಲ ಜನ ಸೇರಿಸುವವನೊಬ್ಬ ಬೇಕು.

ಮರು:
> ನಾಲೆಯಲ್ಲಿ

ಕಾಲುವೆ! ನಾಲೆ ಹೊರಗಿನದು.

ಮರು:
ಮಂಡ್ಯಕ್ಕೆ ಬಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನು ವಿ.ಸಿ. ಕಾಲುವೆ ಅಂತ ಕರೆಯಿರಿ, ನೋಡೋಣ. ಜನ ಆಡುವುದು ಕನ್ನಡವೋ, ನಿಮ್ಮ ನಿಘಂಟಿನಲ್ಲಿರುವುದು ಕನ್ನಡವೋ?

ಮರು:
ಜನ ಆಡುತ್ತಾರೆ ಅಂತ ಒಪ್ಪಿದರೆ ನಾಳೆ "ಸಿಲ್ಟ್" ಅಂತಲೇ ಬರೆಯಬೇಕಾಗುತ್ತೆ. ಇಂಥವರಿಂದಲೇ ವಂಡು ಸತ್ತದ್ದು.

ಮರು:
ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿಗೆ ಕೊಟ್ಟುಬಿಟ್ಟೆ. ಹೊಲದಲ್ಲಿ "ಮೆಕ್ಕಲು ಮಣ್ಣು", ನಾಸರ್ ಸರೋವರದಲ್ಲಿ "ಹೂಳು". ಗೋಡು ಇಷ್ಟವಾಯಿತು, ಆದರೆ ಪೇಟೆಯ ಮಕ್ಕಳು ಗೋಡೆ ಅಂತ ಓದಿಬಿಟ್ಟಾರು. "ನದಿ" ನದಿಯಾಗಿಯೇ ಇದೆ, ಹೊಳೆ ಮಾಡಿಲ್ಲ. ಬೈಯುವವರು ಬೈಯಿರಿ.